ಮಾರುವುದಕ್ಕೆಂದೇ ಕೊಂಡ ಕಾರು

ಪರದೇಶಕ್ಕೆ ದುಡಿಯಲು ಹೋದ ನಮ್ಮ ಜನ ಮೂರು ವಿಷಯಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು. ಊರಿಗೆ ಕಳಿಸುವ ಹಣಕ್ಕೆ ಇವತ್ತು ಸಿಗುವ ದರ, ಮುಂದಿನ ರಜೆ ಮತ್ತು ಕಾರು. ಗಲ್ಫಿಗೆ ಹೋದವರ ಕಾರಿನ ಕಥೆಗಳನ್ನು ನಾವೆಲ್ಲ ಮದುವೆ ಮನೆಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಅಲ್ಲಿ ರಸ್ತೆ ನುಣುಪು, ಪೆಟ್ರೋಲು ಅಗ್ಗ, ಕಾರು ದೊಡ್ಡದು. ನನ್ನ ಪಾಲಿಗೆ ಬಂದದ್ದು ಗಲ್ಫ್ ಅಲ್ಲ, ಪೂರ್ವ ಆಫ್ರಿಕದ ತಾಂಜಾನಿಯಾ. 2012ರಿಂದ 2018ರ ವರೆಗೆ ದಾರ್ ಎಸ್ ಸಲಾಮ್ ನಗರದ ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದೆ. ಸಮಭಾಜಕ ವೃತ್ತದಿಂದ ಏಳು ಡಿಗ್ರಿಯಷ್ಟು ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ದಂಡೆಯ ಮೇಲಿರುವ ಊರು ಅದು. ಅಲ್ಲಿ ಕಾರು ಕೊಳ್ಳುವುದೆಂದರೆ ಬೇರೆಯೇ ಒಂದು ವಿದ್ಯೆ.

ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಹೈಸ್ಕೂಲಿಗೆ ಕನ್ನಡ ಶಾಲೆ ಸೇರಿದ ನನ್ನಂಥವನಿಗೆ ಆ ವಿದ್ಯೆಯ ಪರಿಭಾಷೆ ಕಲಿಯಲು ಕಷ್ಟವಾಗಲಿಲ್ಲ. ಸ್ವಾಹಿಲಿಯಲ್ಲಿ ಕಾರಿಗೆ ‘ಗಾರಿ’ ಎನ್ನುತ್ತಾರೆ. ನಮ್ಮ ‘ಗಾಡಿ’ಯೇ ಹಡಗು ಹತ್ತಿ ಅಲ್ಲಿಗೆ ಹೋಗಿದೆ. ವಿಮೆಗೆ ‘ಬೀಮಾ’. ಅಂಗಡಿಗೆ ‘ದೂಕಾ’. ಸರ್ಕಾರಕ್ಕೆ ‘ಸೆರಿಕಾಲಿ’. ದಲ್ಲಾಳಿಗೆ ‘ದಲಾಲಿ’. ಲಾಭಕ್ಕೆ ‘ಫಾಯಿದಾ’, ನಷ್ಟಕ್ಕೆ ‘ಹಸಾರಾ’, ಬಣ್ಣಕ್ಕೆ ‘ರಂಗಿ’. ಗುಜರಾತ್, ಕಛ್‌ನಿಂದ ಹೋದ ವರ್ತಕರು ಮತ್ತು ಅರಬ್ ನಾವಿಕರು ಶತಮಾನಗಳ ಕಾಲ ಆ ದಂಡೆಯಲ್ಲಿ ಬಿಟ್ಟುಬಂದ ಮಾತುಗಳಿವು. ಗ್ಯಾರೇಜಿನವನನ್ನು ಮಾತ್ರ ‘ಫುಂದಿ’ ಎನ್ನುತ್ತಾರೆ, ಕಸಬುದಾರ ಎಂದು ಅರ್ಥ. ಅಲ್ಲಿ ಓಡುವ ಮೂರು ಚಕ್ರದ ಆಟೋಗೆ ಹೆಸರೇ ‘ಬಜಾಜಿ’. ಪುಣೆಯ ಕಂಪೆನಿಯ ಹೆಸರು ಹೀಗೆ ಒಂದು ಸಾಮಾನ್ಯ ನಾಮಪದವಾಗಿ ಸ್ವಾಹಿಲಿ ಸೇರಿಬಿಟ್ಟಿದೆ.

ಮೊದಲ ಒಂದೂವರೆ ವರ್ಷ ನಾನು ‘ದಲಾದಲಾ’ ಎಂಬ ಖಾಸಗಿ ಮಿನಿಬಸ್ಸುಗಳಲ್ಲೇ ಓಡಾಡಿದೆ. ನಮ್ಮ ಕಡೆಯ ಟೆಂಪೋಗಳ ಹಾಗೆ ಅವೂ ತುಂಬಿದ ಮೇಲೆ ಮತ್ತೆ ತುಂಬುತ್ತವೆ. ಪ್ರತ್ಯೇಕ ಪಥದಲ್ಲಿ ಓಡುವ ಉದ್ದನೆಯ ನೀಲಿ ಬಸ್ಸುಗಳು ಆ ನಗರಕ್ಕೆ ಬಂದದ್ದು 2016ರಲ್ಲಿ. ಬ್ಯಾಂಕಿನ ಸಾಲ ನನಗೆ ಬೇಡವಾಗಿತ್ತು. ಬಡ್ಡಿಯ ಮಾತು ಬದಿಗಿರಲಿ, ಪರವಾನಗಿಯ ಮೇಲೆ ಬದುಕುವವನು ಪರದೇಶದಲ್ಲಿ ಸಾಲ ಇಟ್ಟುಕೊಂಡು ನಿದ್ದೆ ಮಾಡುವುದು ಹೇಗೆ? ಆದ್ದರಿಂದ ಕೂಡಿಸಿಟ್ಟೆ. ಅಷ್ಟರಲ್ಲಿ ಹೆಂಡತಿ, ಮಗಳು ಬಂದರು. ಮಗಳಿಗೆ ನಾಲ್ಕು ವರ್ಷ. ಕಾರು ಬೇಕೇ ಬೇಕೆನ್ನುವ ಸ್ಥಿತಿ ಬಂತು.

ತಾಂಜಾನಿಯಾದಲ್ಲಿ ಸಾಮಾನ್ಯರು ಹೊಸ ಕಾರು ಕೊಳ್ಳುವುದಿಲ್ಲ. ರಸ್ತೆಯ ಮೇಲಿರುವ ಬಹುಪಾಲು ಕಾರುಗಳು ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟವು. ಇದಕ್ಕೆ ಎರಡು ಕಾರಣ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷವಾದಾಗ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ಇದೆ. ಅದರ ಖರ್ಚು ಹೆಚ್ಚು. ಕಾರು ಹಳತಾದಂತೆ ಅದನ್ನು ಇಟ್ಟುಕೊಳ್ಳುವುದಕ್ಕಿಂತ ಮಾರುವುದೇ ಮೇಲೆಂದು ಅಲ್ಲಿಯವರಿಗೆ ಅನ್ನಿಸುತ್ತದೆ. ಎರಡನೆಯದು, ಜಪಾನಿನವರೂ ನಮ್ಮ ಹಾಗೆ ರಸ್ತೆಯ ಎಡಕ್ಕೆ ಓಡಿಸುತ್ತಾರೆ, ಸ್ಟೇರಿಂಗು ಬಲಕ್ಕೆ. ಮೊದಲ ಮಹಾಯುದ್ಧದ ನಂತರ ಜರ್ಮನರ ಕೈಯಿಂದ ಬ್ರಿಟಿಷರ ಕೈಗೆ ಬಂದ ತಾಂಜಾನಿಯಾದಲ್ಲೂ ಎಡವೇ ದಾರಿ. ಹೀಗಾಗಿ ಜಪಾನಿಗೆ ಬೇಡವಾದದ್ದು ಹಡಗು ಹತ್ತಿ ನೇರ ದಾರ್ ಬಂದರಿಗೆ ಬರುತ್ತದೆ.

ಬಂದ ಕಾರಿಗೆ ಸುಂಕ ಕಟ್ಟುವುದೇ ಒಂದು ದೊಡ್ಡ ಅಧ್ಯಾಯ. ಪೂರ್ವ ಆಫ್ರಿಕದ ಸಮುದಾಯಕ್ಕೆಲ್ಲ ಸಾಮಾನ್ಯವಾಗಿದ್ದ ಆಮದು ಸುಂಕ ಆಗ ಶೇಕಡಾ 25. ಅದರ ಮೇಲೆ ಎಂಜಿನ್ನಿನ ಗಾತ್ರ ನೋಡಿ ಅಬಕಾರಿ ಸುಂಕ, ವಯಸ್ಸು ಹೆಚ್ಚಾಗಿದ್ದರೆ ಇನ್ನೊಂದು ಸುಂಕ. ಇಷ್ಟೆಲ್ಲ ಕೂಡಿಸಿದ ಮೊತ್ತದ ಮೇಲೆ ಶೇಕಡಾ 18 ಮೌಲ್ಯವರ್ಧಿತ ತೆರಿಗೆ. ಅಂದರೆ ಸುಂಕದ ಮೇಲೂ ಸುಂಕ. ನೀವು ಎಷ್ಟು ಕೊಟ್ಟು ಕೊಂಡಿರಿ ಎನ್ನುವುದೂ ಅಲ್ಲಿ ಮುಖ್ಯವಲ್ಲ. ಆ ಮಾದರಿಗೆ, ಆ ವರ್ಷಕ್ಕೆ ಇಷ್ಟು ಬೆಲೆ ಎಂದು ತೆರಿಗೆ ಇಲಾಖೆಯದೇ ಒಂದು ಲೆಕ್ಕ ಇರುತ್ತದೆ. ಹಡಗಿನ ಬಾಡಿಗೆ ಸೇರಿ ನನ್ನ ಕಾರಿಗೆ ಬಿದ್ದದ್ದು ಮೂರು ಸಾವಿರ ಡಾಲರಿನ ಆಸುಪಾಸು. ಬಂದರಿನಿಂದ ಬಿಡಿಸಿಕೊಳ್ಳಲು ಹೆಚ್ಚು ಕಡಿಮೆ ಇನ್ನೊಂದು ಅಷ್ಟೇ ಆಯಿತು. ಲೆಕ್ಕದವನಾದ ನನಗೇ ತಲೆ ತಿರುಗಿತು.

ಯಾವ ಕಾರು ಕೊಳ್ಳುವುದು? ಭಾರತದಿಂದ ಬಂದ ಗೆಳೆಯರು ಒಂದೇ ಮಾತು ಹೇಳಿದರು. “ಭಾಯಿ, ಟೊಯೋಟ ತಗೊಳ್ಳಿ, ಬಿಳಿ ಇಲ್ಲವೇ ಬೆಳ್ಳಿ ಬಣ್ಣದ್ದು ತಗೊಳ್ಳಿ. ಹೋಗುವಾಗ ಒಂದೇ ದಿನದಲ್ಲಿ ಮಾರಿಹೋಗುತ್ತದೆ.” ಟೊಯೋಟ ಎನ್ನುವುದಕ್ಕೆ ಕಾರಣವಿತ್ತು. ಕರಿಯಾಕೂ ಪೇಟೆಯ ಸುತ್ತಮುತ್ತ ಅದರ ಬಿಡಿಭಾಗ ಸಿಗದ ಓಣಿಯಿಲ್ಲ. ವಿಟ್ಸ್, ಐಎಸ್‌ಟಿ, ಪ್ರೋಬಾಕ್ಸ್‌ನಂಥ ಹಲವು ಮಾದರಿಗಳಿಗೆ ಒಂದೇ ಒಂದೂವರೆ ಲೀಟರಿನ ಎಂಜಿನ್ ಬಳಕೆಯಾಗಿದೆ. ಒಂದನ್ನು ಬಿಚ್ಚಲು ಬರುವ ಫುಂದಿ ಎಲ್ಲವನ್ನೂ ಬಿಚ್ಚಬಲ್ಲ. ಸ್ವಲ್ಪ ಉಳ್ಳವರು ಹ್ಯಾರಿಯರ್ ಕೊಳ್ಳುತ್ತಾರೆ. ಅಧಿಕಾರಿಗಳ ದೊಡ್ಡ ಲ್ಯಾಂಡ್ ಕ್ರೂಸರಿಗೆ ಜನ ‘ಶಾಂಗಿಂಗಿ’ ಎಂದು ಅಡ್ಡಹೆಸರಿಟ್ಟಿದ್ದಾರೆ. ಇನ್ನೂ ಹಳೆಯ ಬೈಗುಳ ‘ವಾಬೆಂಜಿ’, ಅಂದರೆ ಬೆಂಜ್ ಕುಲದವರು. ಸ್ವಾತಂತ್ರ್ಯ ಬಂದ ಮೇಲೆ ಬೆಂಜ್ ಕಾರು ಹತ್ತಿದ ಹೊಸ ದೊರೆಗಳಿಗೆ ಪೂರ್ವ ಆಫ್ರಿಕದ ಜನ ಕೊಟ್ಟ ಜಾತಿ ಸರ್ಟಿಫಿಕೇಟು ಅದು.

ಹೋಗುವಾಗ ಮಾರುವ ಮಾತು ಮಾತ್ರ ನನ್ನನ್ನು ಸುಮ್ಮನೆ ಬಿಡಲಿಲ್ಲ. ನನ್ನ ಹೆಂಡತಿಗೆ ಕೆಂಪು ಕಾರು ಬೇಕಾಗಿತ್ತು. “ಕೆಂಪು ಬೇಡ, ಮಾರಲು ಕಷ್ಟ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೂ ಕೊಂಡಿಲ್ಲ, ಆಗಲೇ ಮಾರ್ತಾ ಇದ್ದೀರಿ” ಎಂದಳು. ಪರದೇಶದಲ್ಲಿರುವವನು ಎಲ್ಲವನ್ನೂ ಹೀಗೆಯೇ ಕೊಳ್ಳುತ್ತಾನೆ. ಸೋಫಾ, ಫ್ರಿಜ್ಜು, ಮಂಚ ಎಲ್ಲಕ್ಕೂ ಮುಂದಿನ ಗಿರಾಕಿ ಯಾರೆಂದು ನೋಡಿಯೇ ಕೈ ಹಾಕುತ್ತಾನೆ. ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯುವುದಿಲ್ಲ. ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಸ್ನೇಹವನ್ನೂ ಅಷ್ಟೇ ಅಳತೆಯಲ್ಲಿ ಮಾಡುತ್ತಾನೆ. ಆ ದೇಶದಲ್ಲಿ ಆರು ವರ್ಷ, ಹತ್ತು ವರ್ಷ ಕಳೆದೂ ನೆರೆಯವರ ಹೆಸರು ತಿಳಿಯದ ನಮ್ಮವರನ್ನು ನಾನು ನೋಡಿದ್ದೇನೆ.

ಇದರ ಹಿಂದೆ ಭಯವೂ ಇದೆ. ನಮ್ಮ ಮನೆಯ ಮಾಲೀಕರು ನಾಲ್ಕು ತಲೆಮಾರಿನ ಹಿಂದೆ ಅಲ್ಲಿಗೆ ಹೋದ ಗುಜರಾತಿ ಖೋಜಾ ಮನೆತನದವರು. ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರ ಸರ್ಕಾರ 1967ರ ಅರೂಶಾ ಘೋಷಣೆಯ ನಂತರ ಬ್ಯಾಂಕು, ದೊಡ್ಡ ಉದ್ಯಮಗಳನ್ನು ರಾಷ್ಟ್ರೀಕರಿಸಿತು. 1971ರಲ್ಲಿ ಬಾಡಿಗೆ ಕಟ್ಟಡಗಳನ್ನೂ ವಶಪಡಿಸಿಕೊಂಡಿತು. ಅವುಗಳಲ್ಲಿ ಹೆಚ್ಚಿನವು ಏಷ್ಯಾ ಮೂಲದವರವು. ಅನೇಕರು ದೇಶ ಬಿಟ್ಟು ಹೋದರು. ಆ ಹಿರಿಯರು ಒಮ್ಮೆ ಚಹಾ ಕುಡಿಯುತ್ತ ಉರ್ದು ಬೆರೆತ ಗುಜರಾತಿಯಲ್ಲಿ ಹೇಳಿದ್ದರು, “ಬೇಟಾ, ಮನೆ ಕಟ್ಟಿದವರು ಅತ್ತರು. ಮೋಟಾರು ಇಟ್ಟಿದ್ದವರು ಮಾರಿ ಹೋದರು.” ಅಂಥ ನೆನಪಿರುವವರು ಮರುಮಾರಾಟದ ಬಗ್ಗೆ ಯೋಚಿಸಿದರೆ ಅದನ್ನು ಜಿಪುಣತನ ಎನ್ನಲಾಗದು.

ಕೊನೆಗೆ ನನ್ನ ಕಾರನ್ನು ಆರಿಸಿಕೊಟ್ಟವನು ಒಬ್ಬ ಫುಂದಿ. ಕಿನೊಂಡೋನಿಯಲ್ಲಿ ನಮ್ಮ ಓಣಿಯ ತುದಿಯ ಮಾವಿನ ಮರವೇ ಅವನ ಗ್ಯಾರೇಜು. ಅವನು ನನ್ನನ್ನು ‘ಕಾಕಾ’ ಎಂದು ಕರೆಯುತ್ತಿದ್ದ. ಧಾರವಾಡದ ಕಡೆ ಕಾಕಾ ಅಂದರೆ ಚಿಕ್ಕಪ್ಪ, ಸ್ವಾಹಿಲಿಯಲ್ಲಿ ಅಣ್ಣ. ಕಾಗದಗಳನ್ನು ಹರಡಿಕೊಂಡು ನಾನು ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು ಅವನು ಹೇಳಿದ, “ಕಾಕಾ, ಯಾರು ಕೊಳ್ತಾರೆ ಅಂತಲೇ ಕೇಳ್ತಿದ್ದೀರಿ. ಯಾರು ಕೂತ್ಕೊಳ್ತಾರೆ ಅಂತ ಕೇಳಲೇ ಇಲ್ಲ.” ಅವನೇ ತೋರಿಸಿದ್ದು ಟೊಯೋಟ ರಾಮ್ ಎಂಬ ಪುಟ್ಟ ಕಾರು. ನೋಡಲು ಡಬ್ಬಿಯ ಹಾಗೆ. ಹಿಂದಿನ ಬಾಗಿಲು ಸರಿಸುವಂಥದು. ಎಡಗಡೆ ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವೆ ಕಂಬವೇ ಇಲ್ಲ. ಎರಡೂ ತೆರೆದರೆ ಮನೆಯ ಪಡಸಾಲೆ ತೆರೆದ ಹಾಗೆ. ಮುದುಕರು, ಕೂಸು ಎತ್ತಿಕೊಂಡವರು ಸಲೀಸಾಗಿ ಹತ್ತಬಹುದು. ನಮ್ಮ ಪಕ್ಕದ ಮನೆಯಲ್ಲಿ ಮಂಡಿನೋವಿನ ಒಬ್ಬ ಅಜ್ಜಿ ಇದ್ದರು. ಸ್ವಾಹಿಲಿಯಲ್ಲಿ ಅಜ್ಜಿಗೆ ‘ಬೀಬಿ’ ಎನ್ನುತ್ತಾರೆ. ಫುಂದಿಯ ಕಣ್ಣು ಆ ಬೀಬಿಯ ಮೇಲೂ ಇತ್ತೆಂದು ನನಗೆ ಆಮೇಲೆ ತಿಳಿಯಿತು. ಆಕೆ ಅವನ ತಾಯಿಯ ದೊಡ್ಡಮ್ಮ.

ಕಾರು ಬಂತು. ಬೆಳ್ಳಿ ಬಣ್ಣದ್ದೇ. ನಂಬರ್ ಪ್ಲೇಟು ಹಳದಿ. ನಮ್ಮಲ್ಲಿ ಹಳದಿ ಬಾಡಿಗೆ ಗಾಡಿಗೆ, ಬಿಳಿ ಸ್ವಂತದ್ದಕ್ಕೆ. ಅಲ್ಲಿ ತಿರುಗುಮುರುಗು. ಊರಿಗೆ ಕಳಿಸಿದ ಫೋಟೋ ನೋಡಿ ನಮ್ಮ ಅಬ್ಬಾ, “ಟ್ಯಾಕ್ಸಿ ಯಾಕೆ ತಗೊಂಡೆ ಮಗನೇ?” ಎಂದು ಗಾಬರಿಯಾಗಿದ್ದರು. ಪ್ಲೇಟಿನ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲೇ ಮುಂದೆ ಹೋಗುವುದರಿಂದ, ಯಾವ ಕಾರು ದೇಶಕ್ಕೆ ಯಾವಾಗ ಬಂತೆಂದು ಓಣಿಯ ಹುಡುಗರೂ ಹೇಳಬಲ್ಲರು. ಕಾರಿನ ನಿಜವಾದ ವಯಸ್ಸು ಅದರಲ್ಲಿ ಕಾಣುವುದಿಲ್ಲ. ದೇಶಕ್ಕೆ ಬಂದ ದಿನವೇ ಅದರ ಹುಟ್ಟಿದ ದಿನ.

ನಮ್ಮ ಕಾರು ಮಾತಾಡುತ್ತಿತ್ತು. ಕೀಲಿ ತಿರುಗಿಸಿದೊಡನೆ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ವಿನಯದಿಂದ ಏನೋ ಹೇಳುತ್ತಿದ್ದಳು. ಜಪಾನಿನ ಹೆದ್ದಾರಿ ಸುಂಕದ ಕಾರ್ಡು ಹಾಕಿಲ್ಲ ಎಂಬ ಎಚ್ಚರಿಕೆಯಂತೆ. ಮಗಳಿಗೆ ಅದು ಸಲಾಮಿನಂತೆ ಕೇಳಿಸಿ, ಅವಳೂ ತಿರುಗಿ ಸಲಾಮ್ ಹೇಳುತ್ತಿದ್ದಳು. ರೇಡಿಯೋ ಮಾತ್ರ ಮೂಕ. ಆ ಕಾರು ತಯಾರಾದ ಕಾಲದಲ್ಲಿ ಜಪಾನಿನ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್ ವರೆಗೆ ಇತ್ತು. ದಾರ್‌ನ ಬಾನುಲಿಗಳು 88ರಿಂದ 108ರ ನಡುವೆ. ಒಂದು ಪುಟ್ಟ ಪೆಟ್ಟಿಗೆ ಜೋಡಿಸಿದ ಮೇಲೆ ಅದು ಸ್ವಾಹಿಲಿ ಕಲಿಯಿತು.

ಬಿಸಿಲು ನಾಡಿನಲ್ಲಿ ಕಾರು ಸಾಕುವುದು ಹಸು ಸಾಕಿದ ಹಾಗೆ, ದಿನವೂ ನೋಡಬೇಕು. ಫುಂದಿ ಕಲಿಸಿದ ಪಾಠಗಳು ಇವತ್ತಿಗೂ ನನಗೆ ಬಾಯಿಪಾಠ. ರೇಡಿಯೇಟರಿಗೆ ನಲ್ಲಿ ನೀರು ಹಾಕಬೇಡ, ಒಳಗೆ ತುಕ್ಕು ಹಿಡಿಯುತ್ತದೆ, ಕೂಲಂಟ್ ಹಾಕು. ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಎಸೆಯುವವನ ಹತ್ತಿರ ಹೋಗಬೇಡ. ಟೈರಿನ ಹಲ್ಲು ನೋಡಿ ಮೋಸ ಹೋಗಬೇಡ, ಪಕ್ಕದಲ್ಲಿರುವ ನಾಲ್ಕು ಅಂಕಿ ಓದು. ಮೊದಲೆರಡು ವಾರ, ಕೊನೆಯೆರಡು ವರ್ಷ. ಓಡದೆ ನಿಂತರೂ ಬಿಸಿಲಿಗೆ ರಬ್ಬರು ಸಾಯುತ್ತದೆ. ಬ್ಯಾಟರಿಗೂ ಚಳಿಗಿಂತ ಸೆಕೆಯೇ ಹೆಚ್ಚಿನ ಶತ್ರು. ಸಮುದ್ರದ ಉಪ್ಪುಗಾಳಿ ಕೆಳಗಿನ ತಗಡು ತಿನ್ನುತ್ತದೆ, ತಿಂಗಳಿಗೊಮ್ಮೆ ಹೊಟ್ಟೆ ತೊಳೆ. ಮಾರ್ಚಿಯಿಂದ ಮೇ ವರೆಗಿನ ‘ಮಸಿಕಾ’ ಮಳೆಯಲ್ಲಿ ಜಂಗ್ವಾನಿಯ ತಗ್ಗಿನಲ್ಲಿ ನೀರು ನಿಂತರೆ ಶೌರ್ಯ ತೋರಿಸಬೇಡ. ಗಾಳಿ ಎಳೆಯುವ ಕೊಳವೆಗೆ ನೀರು ಹೋದರೆ ಎಂಜಿನ್ನಿನ ಕಥೆ ಮುಗಿಯಿತು. ರಾಮ್ ನೆಲಕ್ಕೆ ಹತ್ತಿರದ ಕಾರಾದ್ದರಿಂದ ಸ್ಪ್ರಿಂಗಿನ ಬಳಿ ಸ್ಪೇಸರ್ ಇಟ್ಟು ಎತ್ತರಿಸಿದ. ಕನ್ನಡಿ, ದೀಪಗಳ ಮೇಲೆ ಕಾರಿನ ನಂಬರು ಕೊರೆಸಿದ. ಇಲ್ಲವಾದರೆ ರಾತ್ರಿ ಹೋದ ಕನ್ನಡಿಯನ್ನು ಬೆಳಿಗ್ಗೆ ಪೇಟೆಯಲ್ಲಿ ನಾವೇ ಕೊಂಡು ತರಬೇಕು.

ಬೀಬಿಯನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮ ಕೆಲಸವಾಯಿತು. ಮದುವೆ, ಮಯ್ಯತ್ತು, ರಮಜಾನಿನ ಇಫ್ತಾರಿನ ಬುತ್ತಿ, ಎಲ್ಲಕ್ಕೂ ಆ ಸರಿಯುವ ಬಾಗಿಲು ತೆರೆಯುತ್ತಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಬೀಬಿಯೇ ತೆಗೆಸಿದರು. ಸೆಕೆಯಲ್ಲಿ ತೊಡೆ ಅಂಟುತ್ತದೆ ಎಂದರು. ಅದರ ಕೆಳಗೆ ಗೋಧಿಬಣ್ಣದ ಬಟ್ಟೆಯ ಸೀಟು ಹೊಸದರಂತೆ ಇತ್ತು.

2016ರ ಕೊನೆಯ ಒಂದು ರವಿವಾರ ಬಾಗಮೋಯೋಗೆ ಹೋಗಿದ್ದೆವು. ದಾರ್‌ನ ಉತ್ತರಕ್ಕೆ ಕಡಲ ದಂಡೆಯಲ್ಲಿರುವ ಹಳೆಯ ಊರದು. ಒಂದು ಕಾಲಕ್ಕೆ ಒಳನಾಡಿನಿಂದ ಆನೆದಂತವನ್ನೂ ಗುಲಾಮರನ್ನೂ ನಡೆಸಿಕೊಂಡು ತರುತ್ತಿದ್ದ ಕಾರವಾನುಗಳು ಅಲ್ಲಿ ಕೊನೆಗೊಳ್ಳುತ್ತಿದ್ದವು. ತಿರುಗಿ ಬರುವಾಗ ಕತ್ತಲಾಗಿತ್ತು. ರಸ್ತೆಯ ಮೇಲೆ ಜನ ಗುಂಪುಗೂಡಿದ್ದರು. ‘ಬೋಡಾಬೋಡಾ’ ಎಂಬ ಬಾಡಿಗೆ ಮೋಟಾರು ಸೈಕಲ್ಲಿನ ಹುಡುಗನೊಬ್ಬ ಬಿದ್ದಿದ್ದ. ಗುದ್ದಿದ ಲಾರಿ ನಿಂತಿರಲಿಲ್ಲ. ಹುಡುಗನ ಕಾಲು ಇರಬಾರದ ಕಡೆಗೆ ತಿರುಗಿತ್ತು.

ನಮ್ಮವರಲ್ಲಿ ಇದಕ್ಕೊಂದು ಅಲಿಖಿತ ಕಾನೂನಿತ್ತು. ಕತ್ತಲಲ್ಲಿ ನಿಲ್ಲಿಸಬೇಡ. ಗಾಯಾಳುವನ್ನು ಮುಟ್ಟಬೇಡ. ಮುಟ್ಟಿದರೆ ಗುದ್ದಿದವನು ನೀನೇ ಆಗುತ್ತೀ. ‘ಮ್ಹಿಂದಿ’ ಅಂದರೆ ಭಾರತೀಯ, ಅವನ ಬಳಿ ಹಣ ಇದೆ ಎಂದು ಜನ ಮುತ್ತುತ್ತಾರೆ. ಈ ಮಾತುಗಳೆಲ್ಲ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಹಾದುಹೋದವು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಯಲ್ಲಿದ್ದಳು. ಹೆಂಡತಿ ಬೇರೇನೂ ಹೇಳಲಿಲ್ಲ. “ನಮ್ಮ ಬಾಗಿಲು ದೊಡ್ಡದಿದೆ” ಎಂದಳು.

ನಿಲ್ಲಿಸಿದೆ. ಮಗಳನ್ನು ಅವಳು ಮಡಿಲಿಗೆ ತೆಗೆದುಕೊಂಡಳು. ಎರಡೂ ಬಾಗಿಲು ತೆರೆದು, ನಾಲ್ಕು ಜನ ಸೇರಿ ಹುಡುಗನನ್ನು ಬಾಗಿಸದೆ ಒಳಗೆ ಮಲಗಿಸಿದರು. ಇನ್ನೊಬ್ಬ ಬೋಡಾಬೋಡಾದವನು ಅವನ ತಲೆ ಹಿಡಿದು ಕೂತ. ಮೊದಲು ಹೋಗಬೇಕಾದದ್ದು ಪೊಲೀಸ್ ಚೌಕಿಗೆ. ಪೆಟ್ಟು ಬಿದ್ದವರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಲು ‘ಪಿಎಫ್3’ ಎಂಬ ಪೊಲೀಸರ ಫಾರಮ್ ಬೇಕಾಗಿತ್ತು. ಚೌಕಿಯಲ್ಲಿ ನಿರೀಕ್ಷೆಯ ಪ್ರಶ್ನೆಯೇ ಬಂತು, ಗುದ್ದಿದ್ದು ನೀನಾ? ನಾನು ಬಾಯಿ ತೆರೆಯುವ ಮೊದಲೇ ತಲೆ ಹಿಡಿದು ಕೂತಿದ್ದವನು ಕಾರಿನಿಂದಲೇ ಕೂಗಿ ಹೇಳಿದ, ಲಾರಿ ಗುದ್ದಿದ್ದು, ಈ ಮನುಷ್ಯ ಆಮೇಲೆ ಬಂದವನು. ಫಾರಮ್ ಸಿಕ್ಕಿತು. ಆಸ್ಪತ್ರೆ ಮುಟ್ಟಿದಾಗ ಹುಡುಗನಿಗೆ ಎಚ್ಚರವಿತ್ತು. ಕಾಲು ಉಳಿಯಿತು, ಮೊದಲಿನಂತೆ ಆಗಲಿಲ್ಲ. ಆಮೇಲೆ ಅವನು ಬಸ್ ನಿಲ್ದಾಣದ ಬಳಿ ಮೊಬೈಲ್ ಕರೆನ್ಸಿ ಮಾರುತ್ತಿದ್ದ.

ಈ ಭಯ ಆ ದೇಶದ್ದು ಮಾತ್ರ ಎಂದು ಯಾರೂ ಭಾವಿಸಬಾರದು. ನಮ್ಮ ಹೆದ್ದಾರಿಗಳಲ್ಲೂ ಜನ ನಿಲ್ಲಿಸದೆ ಹೋಗುತ್ತಿದ್ದುದು ಇದೇ ಕಾರಣಕ್ಕೆ. ಗಾಯಾಳುವಿಗೆ ನೆರವಾದವರನ್ನು ಪೊಲೀಸರು, ಆಸ್ಪತ್ರೆಯವರು ಸತಾಯಿಸಬಾರದೆಂಬ ಮಾರ್ಗಸೂಚಿಗೆ ನಮ್ಮ ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟದ್ದು 2016ರ ಮಾರ್ಚಿನಲ್ಲಿ. 2019ರ ತಿದ್ದುಪಡಿಯಿಂದ ಅದು ಮೋಟಾರು ವಾಹನ ಕಾಯಿದೆಯೊಳಗೇ ಸೇರಿತು. ಕಾಯಿದೆ ಬಂದಿದೆ. ಬ್ರೇಕಿನ ಮೇಲಿನ ಕಾಲು ಇನ್ನೂ ಅನುಮಾನಿಸುತ್ತದೆ.

ಸೀಟಿನ ಮೇಲಿನ ಕಲೆ ಹೋಗಲಿಲ್ಲ. ಸಾಬೂನು, ನಿಂಬೆ, ಅಂಗಡಿಯ ರಾಸಾಯನಿಕ ಎಲ್ಲ ಆಯಿತು. ಗೋಧಿಬಣ್ಣದ ಬಟ್ಟೆಯ ಮೇಲೆ ಅಂಗೈಯಗಲದ ಕಂದು ಗುರುತು ಉಳಿಯಿತು. ಬೀಬಿ ಆ ಮೇಲೆ ಆ ಜಾಗದ ಮೇಲೆ ತಮ್ಮ ಕಾಂಗಾ ಬಟ್ಟೆ ಹಾಸಿಕೊಂಡು ಕೂತುಕೊಳ್ಳುತ್ತಿದ್ದರು. 2017ರ ಮಸಿಕಾ ಮಳೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದವರನ್ನು ಮನೆಗಳಿಗೆ ಮುಟ್ಟಿಸಲು ಅಂದು ನಾನು ಐದು ಸಲ ಓಡಾಡಿದೆ.

2018ರಲ್ಲಿ ನಾವು ಹೊರಡುವುದು ನಿಶ್ಚಯವಾದಾಗ ದಲಾಲಿ ಬಂದ. ಬಾನೆಟ್ ಎತ್ತಿದ, ಎಂಜಿನ್ ಕೇಳಿದ, ಕೂಲಂಟಿನ ಬಣ್ಣ ನೋಡಿ ಮೆಚ್ಚಿದ. ಬೆಳ್ಳಿ ಬಣ್ಣಕ್ಕೂ ತಲೆದೂಗಿದ. ಆಮೇಲೆ ಹಿಂದಿನ ಬಾಗಿಲು ಸರಿಸಿ ಕಲೆಯ ಮೇಲೆ ಬೆರಳಿಟ್ಟ. “ಇದಕ್ಕೆ ಎರಡು ಲಕ್ಷ ಕಡಿಮೆ” ಎಂದ. ಅಲ್ಲಿಯ ಶಿಲ್ಲಿಂಗು ಲೆಕ್ಕದಲ್ಲಿ ಅದು ನೂರು ಡಾಲರಿಗೂ ಕಡಿಮೆ. ಫುಂದಿ ಪಕ್ಕದಲ್ಲೇ ನಿಂತಿದ್ದ. ಚೌಕಾಸಿ ಮಾಡು ಎಂದು ಕಣ್ಣಲ್ಲೇ ಹೇಳಿದ. ನಾನು ಮಾಡಲಿಲ್ಲ. ಆರು ವರ್ಷದ ನನ್ನ ಲೆಕ್ಕಪತ್ರದಲ್ಲಿ ನಷ್ಟವೆಂದು ಬರೆಯಲು ಮನಸ್ಸು ಬಾರದ ಮೊತ್ತ ಅದೊಂದೇ.

ಈಗ ನಮ್ಮ ಕಡೆಯ ಹುಡುಗರು ಆಫ್ರಿಕದತ್ತಲೂ ಹೊರಡುತ್ತಿದ್ದಾರೆ. ಕೆಲವರು ಫೋನ್ ಮಾಡಿ, “ಯಾವ ಕಾರು ತಗೋಬೇಕು ಭಾಯಿಜಾನ್?” ಎಂದು ಕೇಳುತ್ತಾರೆ. ಕೂಲಂಟು, ಟೈರಿನ ನಾಲ್ಕಂಕಿ, ಸುಂಕದ ಮೇಲಿನ ಸುಂಕ ಎಲ್ಲ ವಿವರವಾಗಿ ಹೇಳುತ್ತೇನೆ. ಮಾರಲು ಯಾವ ಬಣ್ಣ ಒಳ್ಳೆಯದೆಂದು ಕೇಳಿದರೆ ಅದನ್ನೂ ಹೇಳುತ್ತೇನೆ, ಅವರ ದುಡಿಮೆಯ ಹಣ ಅದು. ಕೊನೆಯಲ್ಲಿ, ನಿಮ್ಮ ಓಣಿಯಲ್ಲಿ ಯಾರ್‍ಯಾರು ಇದ್ದಾರೆ ನೋಡಿಕೊಂಡು ಕೊಳ್ಳಿ ಎನ್ನುತ್ತೇನೆ. ಆ ಮಾತು ಅವರಿಗೆ ಕೂಡಲೇ ಅರ್ಥವಾಗುವುದಿಲ್ಲ. ಅಲ್ಲಿ ಒಂದು ಮಳೆಗಾಲ ಕಳೆದರೆ ಅರ್ಥವಾಗಬಹುದು.